ಅವ್ವನ ಪಾಲಿನ ಪಿಂಚಣಿ

ಅಪ್ಪ ಸತ್ತದ್ದು ಮಧ್ಯಾಹ್ನ ಎರಡು ಗಂಟೆಗೆ, ನಮ್ಮ ಅಡುಗೆಮನೆಯಲ್ಲಿ, ಅವ್ವನ ಕೈಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಮಿಳು ಸೀಮೆಗೆ ಸೇರಿದ ನಮ್ಮ ಮಸಿನಗುಡಿಯಲ್ಲಿ ಯಾರಾದರೂ ನನ್ನ ಪರಿಚಯ ಹೇಳುವಾಗ ಅಲ್ಲಿಂದಲೇ ಶುರುಮಾಡುತ್ತಾರೆ. ನಾನು ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಕಾಯುತ್ತಾರೆ, ಅಷ್ಟೇ.

ಆಗ ನನಗೆ ಇಪ್ಪತ್ತೆರಡು. ಅಪ್ಪ ರಸ್ತೆ ಇಲಾಖೆಯಲ್ಲಿ ರೋಡ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾಗಿ ಎಂಟು ತಿಂಗಳಾಗಿತ್ತು. ಅವ್ವ ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಇದ್ದವಳು ನಾನೊಬ್ಬಳೇ ಮಗಳು. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಪಂದಲೂರಿನಲ್ಲಿದ್ದ. ಅಪ್ಪನ ಕಿವಿಯಲ್ಲಿ ಸದಾ ಏನಾದರೂ ಊದುತ್ತಿದ್ದವನು ಅವನು.

ಆವತ್ತು ಅಪ್ಪ ಕುಡಿದು ಬಂದ. ಕೈಯಲ್ಲಿ ಒಂದು ಛಾಪಾ ಕಾಗದವಿತ್ತು. ಗಂಡ ಸತ್ತ ಮೇಲೆ ಬರುವ ಕುಟುಂಬ ಪಿಂಚಣಿ ತನಗೆ ಬೇಡವೆಂದು ಹೆಂಡತಿ ಒಪ್ಪಿದ್ದಾಳೆ, ಅದು ಗಂಡನ ತಮ್ಮನಿಗೆ ಸೇರಲಿ ಎಂದು ಅದರಲ್ಲಿ ತಮಿಳಿನಲ್ಲಿ ಬರೆಸಿದ್ದ. "ನಾನು ಸತ್ತರೆ ನಿಂಗ ಏನೂ ಸಿಕ್ಕದಂಗೆ ಮಾಡಿಟ್ಟೇ ಸಾಯದು" ಎಂದು ಅವನು ಅವ್ವನಿಗೆ ಹೇಳುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಹೊಡೆದು ಸುಸ್ತಾದ ಮೇಲೆ ಕೊನೆಯಲ್ಲಿ ಹೇಳುವ ಮಾತು ಅದು. ಅವ್ವ ಅದನ್ನು ನಂಬಿದ್ದಳು. ಏಟುಗಳಿಗಿಂತ ಆ ಮಾತಿಗೇ ಅವಳು ಹೆಚ್ಚು ಹೆದರುತ್ತಿದ್ದಳು ಎಂದು ನನಗೆ ಈಗ ಅನ್ನಿಸುತ್ತದೆ.

"ಹಾಕು ಸೈನು" ಅಂದ ಅಪ್ಪ.

"ಹಾಕಲ್ಲ" ಅಂದಳು ಅವ್ವ.

ಆ ಒಂದು ಪದವನ್ನು ಅವಳು ಅವನಿಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನಿಗೂ ಅದೇ ಮೊದಲಿರಬೇಕು. ಅವಳ ಬಲಗೈ ಹಿಡಿದು ಹೆಬ್ಬೆಟ್ಟನ್ನು ಹಿಂದಕ್ಕೆ ಮಡಚಿದ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವ್ವ ಕೂಗಲಿಲ್ಲ. ಕೂಗಿದವಳು ನಾನು. ಕೂಗುತ್ತಾ ಅವನ ಬೆನ್ನಿಗೆ ಗುದ್ದಿದೆ. ಅವನು ತಿರುಗಿ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಘಾಟಿ ರಸ್ತೆಯಲ್ಲಿ ಮೂವತ್ತು ವರ್ಷ ಹಾರೆ ಹಿಡಿದ ಕೈಗಳು ಅವು. ನನ್ನ ಕಾಲು ನೆಲ ಬಿಟ್ಟಿದ್ದವು. ಅವನ ಬಾಯಿಯ ವಾಸನೆ, ಕಣ್ಣಿನ ಕೆಂಪು ಗೆರೆಗಳು, ಹಿಂದೆ ಕಪಾಟಿನಲ್ಲಿದ್ದ ಉಪ್ಪಿನ ಡಬ್ಬಿ ಎಲ್ಲ ಇವತ್ತಿಗೂ ಕಣ್ಣ ಮುಂದಿದೆ. ಆಮೇಲೆ ಸುತ್ತಲೂ ಕಪ್ಪಾಗುತ್ತಾ ಬಂತು.

ಅವ್ವ ನೀರೊಲೆಯ ಪಕ್ಕದಲ್ಲಿದ್ದ ಸೌದೆ ಕೊಡಲಿ ತೆಗೆದುಕೊಂಡಳು. ಅದರ ಹಿಂಬದಿಯಿಂದ ಅವನ ತಲೆಗೆ ಹೊಡೆದಳು. ಅವನ ಕೈ ಸಡಿಲವಾಯಿತು. ನಾನು ಗೋಡೆಗುಂಟ ಜಾರಿ ಕುಳಿತೆ, ಅವನು ನನ್ನೆದುರಿಗೆ ಮಂಡಿಯೂರಿ ಕುಳಿತ. ಒಂದು ಅಂಗೈ ನೆಲಕ್ಕೆ ಊರಿ ತಲೆಯೆತ್ತಿ ಅವ್ವನನ್ನು ನೋಡಿದ. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅವ್ವ ಇನ್ನೊಮ್ಮೆ ಹೊಡೆದಳು.

ಆಮೇಲೆ ಕೊಡಲಿಯನ್ನು ಇದ್ದ ಜಾಗದಲ್ಲೇ ಇಟ್ಟು, ಒಲೆಯ ಮೇಲೆ ಸೀದುಹೋಗುತ್ತಿದ್ದ ಸಾರನ್ನು ಇಳಿಸಿ, "ಸ್ಟೇಷನ್ಗ ಫೋನ್ ಮಾಡವ್ವ. ನಿನ್ನ ಕುತ್ತಿಗೇನ ಅವರ್ಗೆ ತೋರ್ಸು" ಎಂದಳು. ಅವಳ ಹೆಬ್ಬೆಟ್ಟು ಬೇರೆ ಯಾರದೋ ಬೆರಳಿನ ಹಾಗೆ ಪಕ್ಕಕ್ಕೆ ತಿರುಗಿ ನಿಂತಿತ್ತು.

ಅಪ್ಪನನ್ನು ಮಣ್ಣು ಮಾಡಿದ ದಿನ ಊರೇ ಬಂದಿತ್ತು. ಅತ್ತವರು ನಾಟಕವಾಡಿದರು ಎಂದು ನಾನು ಹೇಳಲಾರೆ. ಹಿಂದೊಂದು ಮಳೆಗಾಲದಲ್ಲಿ ಕಲ್ಲಟ್ಟಿ ಘಾಟಿಯ ತಿರುವಿನಲ್ಲಿ ಗುಡ್ಡ ಕುಸಿದು ಒಂದು ವ್ಯಾನು ಹೂತುಹೋಗಿತ್ತು. ಯಂತ್ರ ಬರುವವರೆಗೆ ಕಾಯದೆ, ಮೇಲಿಂದ ಇನ್ನೂ ಕಲ್ಲು ಉರುಳುತ್ತಿರುವಾಗಲೇ, ಅಪ್ಪ ಹಾರೆಯಿಂದಲೂ ಬರಿಗೈಯಿಂದಲೂ ಮಣ್ಣು ತೋಡಿ ಒಬ್ಬ ಹೆಂಗಸನ್ನೂ ಅವಳ ಮಗುವನ್ನೂ ಜೀವಂತ ಹೊರಗೆ ತಂದಿದ್ದ. ಅವನ ಎರಡು ಬೆರಳಿನ ಉಗುರು ಕಿತ್ತುಬಂದಿದ್ದವು. ಆ ಕೈಗೆ ಅವ್ವ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಬಟ್ಟೆ ಬಿಚ್ಚಿದ ವಾರವೇ, ಅನ್ನ ಬಿಸಿಯಿಲ್ಲ ಎಂದು ಆ ಕೈಯಿಂದಲೇ ಅವಳನ್ನು ಬಾಗಿಲಿಗೆ ಎತ್ತಿ ಎಸೆದ. ಪಕ್ಕೆಲುಬು ಮುರಿದು ಅವಳು ಒಂದು ತಿಂಗಳು ಕುಳಿತೇ ಮಲಗಿದಳು. ಆ ಮಗುವಿನ ತಾಯಿ ಅಪ್ಪನ ಹೆಣದ ಕಾಲ ಬಳಿ ಬಿದ್ದು ಅಳುವುದನ್ನು ನಾನು ನೋಡುತ್ತಾ ನಿಂತಿದ್ದೆ. ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಚಿಕ್ಕಪ್ಪ ಎಲ್ಲರೆದುರಿಗೆ ನನ್ನ ಕೆನ್ನೆಗೆ ಬಾರಿಸಿದ.

"ಇವ್ಳೂ ಸೇರ್ಕಂಡೇ ಮಾಡಿರಾದು. ನೋಡ್ರಿ, ಒಂದ್ ಹನಿ ನೀರಿಲ್ಲ ಕಣ್ಣಲ್ಲಿ!"

ಯಾರೂ ಅವನ ಕೈ ಹಿಡಿಯಲಿಲ್ಲ.

ಅವ್ವನನ್ನು ಕೊಯಮತ್ತೂರಿನ ಜೈಲಿಗೆ ಕಳಿಸಿದರು. ಕೊಲೆ ಕೇಸು. ನಾನು ಓದು ಬಿಟ್ಟು ಊರಿನ ಒಂದು ರೆಸಾರ್ಟಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದೆ. ಬ್ಲೀಚಿನಿಂದ ಅಂಗೈ ಸುಲಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಚಿಕ್ಕಪ್ಪ ಬಂದ. ಈ ಸಲ ಬೇಕರಿಯ ಪೊಟ್ಟಣ ತಂದಿದ್ದ. ಗಂಡನನ್ನು ಕೊಂದವಳಿಗೆ ಪಿಂಚಣಿ ಇಲ್ಲವಂತೆ, ಮದುವೆಯಾಗದ ಮಗಳಿಗೆ ಬರುತ್ತದಂತೆ, ಅವನಿಗೆ ಯಾರೋ ಹೇಳಿದ್ದರು.

"ನೀನು ನನ್ನ ಮನೇಲಿ ಬಂದು ಇದ್ಬುಡು ಮಗ. ಒಂಟಿ ಹೆಣ್ಣು, ಇಲ್ಲೆಲ್ಲ ಇರಾದು ಬ್ಯಾಡ. ಆಫೀಸ್ ಕೆಲ್ಸ ಎಲ್ಲ ನಾನು ನೋಡ್ಕತೀನಿ. ನೀನು ಸೈನ್ ಹಾಕುದ್ರೆ ಸಾಕು" ಅಂದ.

ಅವನ ಜೊತೆ ಊಟಿಗೆ ಹೋದೆ. ಆಸೆಯಿಂದಲೇ ಹೋದೆ. ನನ್ನ ಕೈ ನೋಯುತ್ತಿತ್ತು, ವಕೀಲರ ಓಡಾಟವಿತ್ತು, ಅಪ್ಪನದೇನಾದರೂ ನನಗೆ ಸಿಗುವುದಾದರೆ ಸಿಗಲಿ ಅನ್ನಿಸಿತ್ತು.

ಅಪ್ಪನ ಇಲಾಖೆಯ ಆಫೀಸಿನಲ್ಲಿ, ಪಿಂಚಣಿ ಕೆಲಸ ನೋಡುವ ಸೆಕ್ಷನ್ನಿನಲ್ಲಿ ಕನ್ನಡಕದ ಒಬ್ಬ ಹೆಂಗಸು ಕುಳಿತಿದ್ದರು. ಹೊರಗೆ ಮಂಜು ಬಿದ್ದಿತ್ತು, ಸ್ವೆಟರಿನ ಮೇಲೆ ಶಾಲು ಹೊದ್ದಿದ್ದರು. ಹೆಸರು ಕೇಳಿದ ತಕ್ಷಣ ಅವರಿಗೆ ಕೇಸು ಯಾವುದೆಂದು ಗೊತ್ತಾಯಿತು. ಅಪ್ಪನ ಫೈಲು ತೆಗೆದು ಬಿಚ್ಚಿದರು. ಮೇಲುಗಡೆಯೇ ಅಪ್ಪ-ಅವ್ವನ ಜಂಟಿ ಫೋಟೊ ಇತ್ತು. ನಿವೃತ್ತಿ ಕಾಗದಗಳ ಜೊತೆ ಗಂಡ ಹೆಂಡತಿ ಒಟ್ಟಿಗೆ ತೆಗೆಸಿಕೊಂಡ ಫೋಟೊ ಕೊಡಬೇಕು, ಅದರ ಮೇಲೆ ಮೇಲಧಿಕಾರಿ ರುಜು ಹಾಕಬೇಕು.

ಆ ಫೋಟೊ ತೆಗೆಸಿದ ದಿನ ನಾನೂ ಜೊತೆಗಿದ್ದೆ. ಹಿಂದಿನ ದಿನ ಅಪ್ಪ ಅವ್ವನ ಮುಖಕ್ಕೆ ಟಾರ್ಚಿನಿಂದ ಹೊಡೆದಿದ್ದ. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು. "ಮುಂದಿನ ವಾರ ಬನ್ನಿ ಸಾರ್" ಎಂದು ಸ್ಟುಡಿಯೋದವನು ಹೇಳಿ ನೋಡಿದ. "ಇವತ್ತೇ ತೆಗಿ. ಇವಳ ಮೊಕ ಯಾವಾಗ್ಲೂ ಹಿಂಗೇ" ಅಂದ ಅಪ್ಪ. ಸ್ಟುಡಿಯೋದವನು ಅವ್ವನಿಗೆ ಪೌಡರ್ ಡಬ್ಬಿ ಕೊಟ್ಟು, ಬೆಳಕನ್ನು ಆ ಕಡೆಯಿಂದ ಸ್ವಲ್ಪ ತಿರುಗಿಸಿದ. ಅಷ್ಟು ಮಾತ್ರ ಅವನಿಂದಾಯಿತು. ಅಧಿಕಾರಿ ಅದರ ಮೇಲೆ ರುಜು ಹಾಕಿ ಮೊಹರು ಒತ್ತಿದ್ದರು. ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಕನ್ನಡಕದ ಹೆಂಗಸು ಮಾತ್ರ ಅದನ್ನು ಬಹಳ ಹೊತ್ತು ನೋಡಿದರು.

ಚಿಕ್ಕಪ್ಪ ಛಾಪಾ ಕಾಗದದ ವಿಷಯ ಎತ್ತಿದ. ಅಣ್ಣ ತನಗೇ ಬರೆಸಿದ್ದ, ಅತ್ತಿಗೆ ಸೈನ್ ಹಾಕುವುದೊಂದೇ ಬಾಕಿ ಇತ್ತು ಅಂದ.

"ಅಂಥ ಕಾಗದ ನೂರು ಬರೆಸಿದ್ದರೂ ಏನೂ ಆಗುತ್ತಿರಲಿಲ್ಲ" ಎಂದು ಅವರು ತಮಿಳಿನಲ್ಲಿ ಹೇಳಿದರು. "ಕುಟುಂಬ ಪಿಂಚಣಿ ಗಂಡ ಇಷ್ಟ ಬಂದವರಿಗೆ ಬರೆದುಕೊಡುವ ಆಸ್ತಿ ಅಲ್ಲ. ಕಟ್ಟಿಕೊಂಡ ಹೆಂಡತಿ ಇರುವಾಗ ಅದು ಹೆಂಡತಿಯದೇ. ತಮ್ಮನಿಗೆ ಯಾವ ಕಾಲಕ್ಕೂ ಬರುವುದಿಲ್ಲ. ಅವಳ ಹೆಸರನ್ನು ತೆಗೆಯುವುದು ಅವನಿಂದ ಆಗುವ ಕೆಲಸವೇ ಅಲ್ಲ."

"ಮತ್ತೆ ಯಾವುದರಿಂದ ತಪ್ಪುತ್ತದೆ?" ಎಂದು ಕೇಳಿದೆ.

ಅವರು ಫೈಲು ಮುಚ್ಚಿ ಹೇಳಿದರು. "ಅವಳೇ ಅವನನ್ನು ಕೊಂದರೆ ತಪ್ಪುತ್ತದೆ, ಕಂದ."

ಮೂವತ್ತು ವರ್ಷ ಅವ್ವ ಹೆದರಿಕೊಂಡಿದ್ದ ಮಾತು ಹಸಿ ಸುಳ್ಳು. ಅವನು ಅವಳಿಂದ ಕಿತ್ತುಕೊಳ್ಳಲಾರದ ಒಂದೇ ಒಂದು ವಸ್ತು ಅದಾಗಿತ್ತು, ಅವ್ವ ಅದನ್ನು ತನ್ನ ಕೈಯಾರೆ ಕಳೆದುಕೊಳ್ಳುವ ಹಾಗಾಗಿತ್ತು. ಇದನ್ನು ಯಾರಾದರೂ ಅವಳಿಗೆ ಮೊದಲೇ ಹೇಳಿದ್ದರೆ ಆವತ್ತು ಆ ಕಾಗದಕ್ಕೆ ನಗುತ್ತಾ ಸೈನ್ ಹಾಕಿ ಸಾರು ಬಡಿಸುತ್ತಿದ್ದಳು.

ನನ್ನೆದುರಿಗೆ ಎರಡು ದಾರಿ ಎಂದು ಅವರು ಬಿಡಿಸಿ ಹೇಳಿದರು. ತೀರ್ಪು ಬರುವವರೆಗೆ ಅವ್ವನಿಗೆ ಕೊಡುವ ಹಾಗಿಲ್ಲ. ಇಪ್ಪತ್ತೈದು ತುಂಬದ, ಮದುವೆಯಾಗದ ಮಗಳಾಗಿ ನಾನು ಈಗಲೇ ಕೇಳಬಹುದು. ಹಾಗೆ ಕೇಳುವುದಾದರೆ ಮೃತನ ಹೆಂಡತಿ ಯಾಕೆ ಕೇಳುತ್ತಿಲ್ಲ ಎಂಬ ಜಾಗದಲ್ಲಿ ನಾನು ಕಾರಣ ಬರೆದು ರುಜು ಹಾಕಬೇಕು. ಅಥವಾ ಕೇಸು ಮುಗಿಯುವವರೆಗೆ ಯಾರಿಗೂ ಬೇಡವೆಂದು ಬಿಡಬಹುದು. ಅವ್ವ ನಿರಪರಾಧಿ ಎಂದಾದರೆ ಸತ್ತ ದಿನದಿಂದ ಲೆಕ್ಕ ಹಾಕಿ ಅವಳಿಗೇ ಸೇರುತ್ತದೆ. ಶಿಕ್ಷೆಯಾದರೆ ಅವಳಿಗೆ ಎಂದೆಂದಿಗೂ ಇಲ್ಲ.

ಚಿಕ್ಕಪ್ಪ ನನ್ನ ಕೈಗೆ ಪೆನ್ನು ಕೊಟ್ಟ. "ಬರಿ. ನನ್ನ ತಾಯಿ ನನ್ನ ತಂದೆಯನ್ನು ಕೊಂದಿರುವುದರಿಂದ..."

ನಾನು 'ನನ್ನ ತಾಯಿ' ಎಂಬವರೆಗೆ ಬರೆದೆ. ಮುಂದೆ ಕೈ ಓಡಲಿಲ್ಲ. ಅವ್ವನನ್ನು ಕೇಳಿ ಬರುತ್ತೇನೆ ಎಂದು ಪೆನ್ನು ಕೆಳಗಿಟ್ಟೆ.

ಹೊರಗೆ ಮೆಟ್ಟಿಲ ಮೇಲೆ ಚಿಕ್ಕಪ್ಪ ನನ್ನ ಜಡೆ ಹಿಡಿದು ಎಳೆದು, ನನ್ನ ಮುಖವನ್ನು ಕಬ್ಬಿಣದ ಕಂಬಿಗೆ ಚಚ್ಚಿದ. ಮುಂದಿನ ಹಲ್ಲು ಅರ್ಧ ಮುರಿಯಿತು. ನಾನು ಅವನ ಕೈ ಕಚ್ಚಿದೆ. ಅವನು ಜಡೆ ಬಿಟ್ಟ, ಕೂಗಿದ, ಇನ್ನೊಂದು ಕೈಯಿಂದ ನನ್ನನ್ನು ತಳ್ಳಲು ನೋಡಿದ. ಅವನು ಬಿಟ್ಟ ಮೇಲೂ ನಾನು ಬಿಡಲಿಲ್ಲ. ಹಲ್ಲಿಗೆ ಮೂಳೆ ತಾಗುವವರೆಗೆ ಕಚ್ಚಿದೆ. ಟೀ ಅಂಗಡಿಯವರು ಬಂದು ನನ್ನ ದವಡೆ ಹಿಡಿದು ಬಿಡಿಸಬೇಕಾಯಿತು. ಬಾಯಿ ತುಂಬ ರಕ್ತ, ನನ್ನದೂ ಅವನದೂ. ನನಗೆ ಹೆದರಿಕೆಯಾಗಿರಲಿಲ್ಲ. ಸುಖವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ನಿಜ.

ಕನ್ನಡಕದ ಹೆಂಗಸು ಓಡಿಬಂದು ತಮ್ಮ ಶಾಲಿನಿಂದ ನನ್ನ ಬಾಯಿ ಒರೆಸಿದರು. ಅಲ್ಲಿಂದ ನನ್ನನ್ನು ನೇರ ಅವ್ವನ ವಕೀಲರ ಮನೆಗೆ ಕರೆದುಕೊಂಡು ಹೋದರು. ಸರ್ಕಾರದಿಂದ ಕೊಟ್ಟಿದ್ದ ವಕೀಲರು, ಊಟಿಯ ಹತ್ತಿರದ ಹಟ್ಟಿಯೊಂದರ ಬಡಗ ಸಮುದಾಯದ ಹೆಂಗಸು. ನನ್ನ ಮುಖ ನೋಡಿ "ಅಂಜಬೇಡ ಕೂಸು, ಅಂಜಬೇಡ" ಎಂದು ಮೊದಲು ಬಿಸಿ ನೀರು ಕೊಟ್ಟರು. ಫೈಲಿನಲ್ಲಿ ಒಂದು ಫೋಟೊ ಇದೆ, ಕೋರ್ಟಿನಿಂದ ಕೇಳಿಸಿ ತರಿಸಿಕೊಳ್ಳಿ ಎಂದು ಆಫೀಸಿನ ಹೆಂಗಸು ಅವರಿಗೆ ಹೇಳಿದ್ದು ಆಗಲೇ.

ಮರುವಾರ ಕೊಯಮತ್ತೂರಿಗೆ ಹೋಗಿ ಅವ್ವನನ್ನು ನೋಡಿದೆ. ನಡುವೆ ಜಾಲರಿ. ನನ್ನ ಹಲ್ಲು ನೋಡಿ ಅವಳ ಮುಖ ಬಿಗಿಯಿತು.

"ಯಾರು ಹೊಡುದ್ರು?"

ಹೇಳಿದೆ. ಪಿಂಚಣಿಯ ವಿಷಯವನ್ನೂ ಹೇಳಿದೆ, ಅಪ್ಪನ ಮಾತು ಸುಳ್ಳಾಗಿದ್ದದ್ದನ್ನೂ ಹೇಳಿದೆ. ಅವಳು ಜಾಲರಿಗೆ ಹಣೆ ಒತ್ತಿಕೊಂಡಳು.

"ಬರ್ಕೊ ನಿನ್ನ ಹೆಸ್ರಿಗೆ" ಅಂದಳು ಕೊನೆಗೆ. "ನಾನು ಕೊಂದದ್ದು ದಿಟ ತಾನೆ? ಬರ್ದುದ್ರೆ ಏನಾಯ್ತದ?"

"ನನ್ನ ಕೈಲಿ ಬರ್ಯಕ್ಕಾಗಲ್ಲ."

"ಎರಡ್ನೇ ಸಲ ಹೊಡ್ದಾಗ ಅಂವ ನಿನ್ನ ಬುಟ್ಟಿದ್ದ. ನೀನು ನೋಡ್ದೆ, ನಂಗ ಗೊತ್ತು. ಕೋರ್ಟಲ್ಲಿ ಕೇಳುದ್ರೆ ಇದ್ದದ್ದು ಇದ್ದಂಗೆ ಹೇಳ್ಬುಡು. ನಿಂಗ ಯಾಕ ಪಾಪ?"

"ಯಾಕವ್ವ ಹೊಡ್ದೆ ಎರಡ್ನೇ ಸಲ?"

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಎದ್ದು ಬತ್ತಾನಲ್ಲ ಅಂತ. ಅಂವ ಯಾವತ್ತೂ ಎದ್ದೇ ಬತ್ತಿದ್ದ ಕನವ್ವ."

ಊಟಿಗೆ ವಾಪಸು ಹೋಗಿ, ತೀರ್ಪು ಬರುವವರೆಗೆ ನನಗೆ ಬೇಡ ಎಂದು ಬರೆದುಕೊಟ್ಟೆ. ಎರಡು ವರ್ಷ ರೆಸಾರ್ಟಿನ ಬಟ್ಟೆ ಒಗೆದೆ. ಈ ನಡುವೆ ಅವ್ವ ಜಾಮೀನಿನ ಮೇಲೆ ಮನೆಗೆ ಬಂದಳು. ಊರಿನವರು ನಮ್ಮ ಬಾಗಿಲಿಗೆ ಕಲ್ಲು ಎಸೆದರು, ಒಂದು ದಿನ ನಮ್ಮ ನಾಯಿಗೆ ವಿಷ ಹಾಕಿದರು. ಅಂಗಡಿಯಲ್ಲಿ ಅವ್ವ ನಿಂತರೆ ಪಕ್ಕದವರು ಸರಿದು ನಿಲ್ಲುತ್ತಿದ್ದರು. ಹೆಂಗಸರಲ್ಲಿ ಒಂದಿಬ್ಬರು ಮಾತ್ರ ಸರಿಯದೆ, ಏನೂ ಮಾತಾಡದೆ, ಹಾಗೇ ಪಕ್ಕದಲ್ಲಿ ನಿಂತಿರುತ್ತಿದ್ದರು.

ಸಾಕ್ಷಿ ಹೇಳುವ ದಿನ ಬಂತು. ಸರ್ಕಾರಿ ವಕೀಲರು ಕೇಳಿದ್ದೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು. ತಲೆಯಲ್ಲಿ ಎರಡು ಗಾಯಗಳಿವೆ ಎಂದು ಡಾಕ್ಟರು ಹೇಳಿದ್ದಾರೆ. ಎರಡನೇ ಪೆಟ್ಟು ಬೀಳುವಾಗ ನಿನ್ನ ತಂದೆಯ ಕೈ ನಿನ್ನ ಕುತ್ತಿಗೆಯ ಮೇಲೆ ಇತ್ತೋ ಇಲ್ಲವೋ?

ಅವ್ವ ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಚಿಕ್ಕಪ್ಪ ಕುಳಿತಿದ್ದ, ಅವನ ಕೈಯಲ್ಲಿ ನನ್ನ ಹಲ್ಲಿನ ಗುರುತಿತ್ತು. ಮಂಡಿಯೂರಿ ಅಂಗೈ ನೆಲಕ್ಕೆ ಕೊಟ್ಟು ತಲೆಯೆತ್ತಿದ್ದ ಅಪ್ಪ ನನ್ನ ಕಣ್ಣ ಮುಂದೆ ಬಂದ.

"ಇತ್ತು" ಅಂದೆ. "ಒತ್ತುತ್ತಲೇ ಇದ್ದ."

ಆ ಸುಳ್ಳನ್ನು ತಮಿಳಿನಲ್ಲಿ ಹೇಳಿದ್ದೆ. ನಿಜವನ್ನು ಈಗ ಅವ್ವನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಆಮೇಲೆ ನಮ್ಮ ವಕೀಲರು ಜಂಟಿ ಫೋಟೊ ಮುಂದಿಟ್ಟರು. ಜಡ್ಜ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗಂಡ ತಾನಾಗಿಯೇ ಸರ್ಕಾರಕ್ಕೆ ಕೊಟ್ಟದ್ದು, ಅಧಿಕಾರಿಯ ರುಜು ಇರುವಂಥದ್ದು. ಮುರಿದ ಹೆಬ್ಬೆಟ್ಟಿನ ಎಕ್ಸ್‌ರೇ, ನನ್ನ ಕುತ್ತಿಗೆಯ ಮೇಲಿದ್ದ ಬೆರಳ ಗುರುತುಗಳ ಚಿತ್ರ ಎಲ್ಲ ಇದ್ದವು. ಮಗಳ ಪ್ರಾಣ ಉಳಿಸಲು ಮಾಡಿದ್ದು ಅಪರಾಧವಲ್ಲ ಎಂದು ತೀರ್ಪಾಯಿತು. ಚಿಕ್ಕಪ್ಪ ಕೋರ್ಟಿನ ಅಂಗಳದಲ್ಲಿ ಅವ್ವನ ಮೇಲೆ ನುಗ್ಗಿಬಂದ. ಇಬ್ಬರು ಪೊಲೀಸರು ಅವನನ್ನು ಕೆಳಗೆ ಕೆಡವಿ ಎಳೆದುಕೊಂಡು ಹೋದರು. ಅವ್ವ ಹಿಂದಕ್ಕೆ ಸರಿಯಲೂ ಇಲ್ಲ.

ಬಿಡುಗಡೆಯಾಯಿತಲ್ಲ, ಇನ್ನು ಆ ಪಿಂಚಣಿ ನಮಗೆ ಬೇಡ ಎಂದು ನಾನು ಊಟಿಯ ಬಸ್‌ಸ್ಟ್ಯಾಂಡಿನಲ್ಲೇ ಹೇಳಿದೆ. ನನ್ನ ತಲೆಯಲ್ಲಿ ಆ ಸುಳ್ಳು ಕುಳಿತಿತ್ತು. ಅದರ ಮೇಲೆ ಬರುವ ಅನ್ನ ತಿನ್ನಲಾರೆ ಅನ್ನಿಸಿತ್ತು.

"ನಾನು ದುಡೀತೀನಿ ಅವ್ವ. ಅಪ್ಪನ ಕಾಸು ಯಾಕೆ ನಮ್ಗೆ?"

ಅವ್ವ ನನಗೆ ಹೊಡೆದಳು. ಹುಟ್ಟಿದಾಗಿನಿಂದ ಒಮ್ಮೆಯೂ ನನ್ನ ಮೇಲೆ ಕೈಯೆತ್ತದವಳು, ಜನರ ನಡುವೆ, ಸೊಟ್ಟ ಹೆಬ್ಬೆಟ್ಟಿನ ಆ ಕೈಯಿಂದ.

"ಅಪ್ಪನ ಕಾಸಾ? ಅಂವ ಘಾಟಿ ಮ್ಯಾಲ ಕೆಲ್ಸ ಮಾಡ್ದ. ನಾನು ಮನೇಲಿ ಅವನ ಕೈಗ ಸಿಕ್ಕೊಂಡು ಬದುಕ್ದೆ. ಎರಡೂ ಕೆಲ್ಸವೇ. ಅಂವ ಬದುಕಿದ್ದಾಗ ಅಂವ ಈಸ್ಕಂಡ. ಈಗ ನನ್ದು. ನನ್ನ ಪಾಲ ಬ್ಯಾಡ ಅನ್ನಕ್ಕ ನೀನ್ಯಾರು?"

ಹೊಡೆದ ಕೈಯನ್ನು ಅವಳು ಒಮ್ಮೆ ನೋಡಿಕೊಂಡಳು. ಮುಖ ಬಿಳಿಚಿಕೊಂಡಿತು. ಆ ಕೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು, ಮಸಿನಗುಡಿ ಬರುವವರೆಗೆ ಕಿಟಕಿಯಿಂದಾಚೆಗೆ ತಿರುಗಿ ಕುಳಿತಳು. ನನ್ನ ಕೆನ್ನೆ ಉರಿಯುತ್ತಿತ್ತು. ಅವಳು ಹೇಳಿದ್ದು ಸರಿ ಎಂದು ಗೊತ್ತಾಗಿತ್ತು. ಹೊಡೆದದ್ದು ಸರಿಯಲ್ಲ ಎಂದೂ ಗೊತ್ತಾಗಿತ್ತು.

ತೀರ್ಪಿನ ಪ್ರತಿ ಸಿಕ್ಕ ಮೇಲೆ ಆಫೀಸಿಗೆ ಹೋದೆವು. ಕನ್ನಡಕದ ಹೆಂಗಸು ಅವ್ವನಿಗೆ ಕುರ್ಚಿ ಹಾಕಿಸಿದರು. ಹೊಸ ಫೋಟೊ ಬೇಕಿತ್ತು, ಈ ಸಲ ಅವ್ವನೊಬ್ಬಳದೇ. ಮರುಮದುವೆ ಆಗಿಲ್ಲ ಎಂಬ ಕಾಗದಕ್ಕೆ ರುಜು ಹಾಕುವಾಗ ಅವ್ವ ತಲೆಯೆತ್ತಿ, "ಇನ್ನೊಂದ್ ಮದ್ವೆ ಆದ್ರೆ ನಿಂತೋಯ್ತದಾ ಮೇಡಂ?" ಎಂದು ಕೇಳಿದಳು. ಅದನ್ನು ನಾನು ತಮಿಳಿನಲ್ಲಿ ಹೇಳಿದೆ. ನಿಂತುಹೋಗುತ್ತದೆ ಅಂದರು ಅವರು. "ಹಂಗಾದ್ರೆ ಒಳ್ಳೇದೇ ಆಯ್ತು. ಯಾರಾದ್ರೂ ಕೇಳ್ಕಂಡು ಬಂದ್ರೆ ಹೇಳಕ್ಕ ಒಂದ್ ಕಾರಣ ಇರ್ತದ" ಅಂದಳು ಅವ್ವ. ಅದನ್ನು ತಮಿಳಿಗೆ ತಿರುಗಿಸುವಾಗ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಬೆರಳು ಸೊಟ್ಟಗಾಗಿದ್ದರಿಂದ ಪೆನ್ನು ಸರಿಯಾಗಿ ನಿಲ್ಲದೆ ಅವ್ವನ ರುಜು ತುಂಬ ನಿಧಾನವಾಗಿ ಬಂತು. ಹಿಂದೆ ನಿಂತವರು ಗೊಣಗುತ್ತಿದ್ದರು. ಅವಳು ಅವಸರ ಮಾಡಲಿಲ್ಲ.

ಮೊದಲ ಪಿಂಚಣಿ ಬಂದ ಮಾರನೇ ದಿನ ನಾನು ಕೆಲಸದಿಂದ ಬೇಗ ಬಂದೆ. ಮನೆಯೊಳಗೆ ಸದ್ದಿರಲಿಲ್ಲ. ಅವ್ವ ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಬಿದ್ದಿದ್ದಳು, ಬಾಯಿ ತೆರೆದಿತ್ತು, ಎರಡೂ ಕೈ ಅಗಲಕ್ಕೆ ಚಾಚಿಕೊಂಡಿದ್ದವು. ಯಾರೋ ಬಂದು ಹೊಡೆದು ಹಾಕಿದ್ದಾರೆ ಎಂದೇ ಅಂದುಕೊಂಡೆ. ಓಡಿಹೋಗಿ ಭುಜ ಹಿಡಿದು ಅಲುಗಿಸಿದೆ.

"ಬುಡವ್ವ" ಅಂದಳು ಕಣ್ಣು ಬಿಡದೆಯೇ. "ಒಸಿ ಮನೀಕತೀನಿ."

ಹಗಲು ಹೊತ್ತಿನಲ್ಲಿ ಅವ್ವ ಮಲಗಿ ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಅವಳು ಮಗ್ಗುಲಿಗೆ ತಿರುಗಿಕೊಂಡಳು. ನಾನು ಕೈಕಾಲು ತೊಳೆದುಕೊಂಡು ಅಕ್ಕಿ ಆರಿಸಲು ಕುಳಿತೆ.